ಉಕ್ಕಿನ ಕಾರ್ಖಾನೆಯ ತ್ಯಾಜ್ಯ ಆಮ್ಲದ ಪುನರುಪಯೋಗ

ಕಾಯಿಸಿ ಉರುಳೆಗಳ ನಡುವೆ ಒತ್ತಿದ ಉಕ್ಕಿನ ತಗಡಿನ ಮೇಲೆ ಆಕ್ಸೈಡಿನ ಕಪ್ಪು ಪೊರೆ ಕಟ್ಟಿರುತ್ತದೆ. ಸತುವಿನ ಲೇಪ ಹಿಡಿಯಬೇಕಾದರೆ ಅದನ್ನು ಮೊದಲು ತೆಗೆಯಬೇಕು. ಇದಕ್ಕಾಗಿ ತಗಡನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದುವ ಕ್ರಿಯೆಗೆ ಪಿಕ್ಲಿಂಗ್ ಎಂದು ಹೆಸರು. ಉಪ್ಪಿನಕಾಯಿ ಹಾಕುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತುಂಟು. ಕ್ರಮೇಣ ಕಬ್ಬಿಣವು ಕರಗಿ, ಆಮ್ಲವು ಫೆರಸ್ ಕ್ಲೋರೈಡಿನ ಹಸಿರು ದ್ರಾವಣವಾಗಿ ಶಕ್ತಿಗುಂದುತ್ತದೆ.

ಇದನ್ನು ಚರಂಡಿಗೆ ಬಿಟ್ಟರೆ ಅಂತರ್ಜಲ ಕೆಡುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಇದೂ ಸೇರಿದೆ. ಸುಣ್ಣ ಬೆರೆಸಿದರೆ ಆಮ್ಲೀಯತೆ ಅಡಗುವುದು ನಿಜ. ಆದರೆ ಆಮ್ಲ, ಕಬ್ಬಿಣ ಎರಡೂ ಕೈತಪ್ಪಿ ಕೆಸರು ಮಾತ್ರ ಉಳಿಯುತ್ತದೆ.

ವಾಸ್ತವವಾಗಿ ಆಮ್ಲವು ನಾಶವಾಗಿರುವುದಿಲ್ಲ. ಅದರ ಕ್ಲೋರೈಡ್ ಅಂಶವು ಕಬ್ಬಿಣದೊಡನೆ ಬಂಧಿತವಾಗಿರುತ್ತದೆ, ಅಷ್ಟೆ. ದ್ರಾವಣವನ್ನು ಕಾದ ಕುಲುಮೆಯೊಳಗೆ ತುಂತುರಾಗಿ ಸಿಂಪಡಿಸಿದಾಗ ಫೆರಸ್ ಕ್ಲೋರೈಡು ನೀರಾವಿ ಮತ್ತು ಆಮ್ಲಜನಕದೊಡನೆ ವರ್ತಿಸಿ ಒಡೆಯುತ್ತದೆ. ಹೊರಬರುವ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ನೀರಿನಲ್ಲಿ ಹೀರಿಸಿದರೆ ಸುಮಾರು ಶೇಕಡ 18ರ ಆಮ್ಲ ದೊರೆತು ಮತ್ತೆ ತೊಟ್ಟಿಗೆ ಸೇರುತ್ತದೆ. ಕುಲುಮೆಯ ತಳದಲ್ಲಿ ಶೇಖರವಾಗುವುದು ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ. ಶುದ್ಧವಾಗಿದ್ದಲ್ಲಿ ಇದರಿಂದ ಧ್ವನಿವರ್ಧಕಗಳ ಫೆರೈಟ್ ಅಯಸ್ಕಾಂತಗಳನ್ನು ತಯಾರಿಸಬಹುದು.

ಇಂತಹ ಕುಲುಮೆ ದುಬಾರಿಯಾದುದು, ಸಣ್ಣ ಘಟಕಗಳಿಗೆ ನಿಲುಕದು. ಅವುಗಳ ದ್ರಾವಣಕ್ಕೆ ಬೇರೆ ದಾರಿಯುಂಟು: ಕ್ಲೋರಿನ್ ಅನಿಲ ಹಾಯಿಸಿದರೆ ಅದು ಫೆರಿಕ್ ಕ್ಲೋರೈಡ್ ಆಗಿ, ಕೊಳಚೆ ನೀರಿನ ಶುದ್ಧೀಕರಣಕ್ಕೆ ಉಪಯೋಗವಾಗುತ್ತದೆ.