ಹಾಡುವ ಪೆಟ್ಟಿಗೆ: ಕರೋಕೆ ಸಾಧನದ ವಿನ್ಯಾಸದ ಮೂಲಕ ‘ವಿದ್ಯುಚ್ಛಕ್ತಿ’ ಘಟಕದ ಬೋಧನೆ

ಪೀಠಿಕೆ

ಅಭ್ಯಾಸ ಬೋಧನೆಗಾಗಿ ನನಗೆ ಸಿಕ್ಕಿದ್ದು ಒಂದು ಸರ್ಕಾರಿ ಪ್ರೌಢಶಾಲೆಯ 10ನೇ ತರಗತಿ. ಮಕ್ಕಳು 28, ಘಟಕ ‘ವಿದ್ಯುಚ್ಛಕ್ತಿ’. ಅದೇ ತಿಂಗಳು ಶಾಲೆಯಲ್ಲಿ ಪ್ರತಿಭಾ ಕಾರಂಜಿಯ ತಯಾರಿ ನಡೆದಿತ್ತು. ಸಮೂಹ ಗಾಯನದ ಮಕ್ಕಳು ಮಧ್ಯಾಹ್ನದ ಬಿಸಿಯೂಟದ ನಂತರ ಬೇವಿನ ಮರದ ಕೆಳಗೆ ನಿಂತು ಅಭ್ಯಾಸ ಮಾಡುತ್ತಿದ್ದರು. ಸಂಗೀತ ಶಿಕ್ಷಕರಿಲ್ಲ, ಹಾರ್ಮೋನಿಯಂ ಇಲ್ಲ, ಶಾಲೆಯ ಆಂಪ್ಲಿಫೈಯರ್ ಕೆಟ್ಟು ಬೀರುವಿನ ಮೇಲೆ ಕುಳಿತಿತ್ತು. ಒಂದು ದಿನ ಒಬ್ಬ ಹುಡುಗಿ ಕೇಳಿದಳು: “ಮಿಸ್, ಮ್ಯೂಸಿಕ್ ಮಾತ್ರ ಬಂದು ನಾವು ಹಾಡೋ ಹಾಗೆ ಒಂದು ಬಾಕ್ಸ್ ಮಾಡಕ್ಕಾಗಲ್ವಾ?”

ಆ ಪ್ರಶ್ನೆಯ ಮೇಲೆಯೇ ಎಂಟು ಅವಧಿಗಳ ಯೋಜನಾ ಪಾಠವನ್ನು ಕಟ್ಟಿದೆ. ಪಾಠ ಎಲ್ಲಿ ಫಲಿಸಿತು, ಎಲ್ಲಿ ನನ್ನದೇ ತಪ್ಪಿನಿಂದ ಸೋತಿತು ಎಂಬ ಎರಡನ್ನೂ ಇಲ್ಲಿ ದಾಖಲಿಸಿದ್ದೇನೆ.

ಕಲಿಕಾಂಶಗಳು

1. ಓಮ್‌ನ ನಿಯಮ ಮತ್ತು ವಿದ್ಯುತ್ ಸಾಮರ್ಥ್ಯದ ಸೂತ್ರಗಳನ್ನು ನಿಜವಾದ ಸಾಧನದ ವಿನ್ಯಾಸದಲ್ಲಿ ಬಳಸುವುದು.
2. 9ನೇ ತರಗತಿಯ ‘ಶಬ್ದ’ ಘಟಕದ ಕಂಪನ, ತರಂಗ, ಪ್ರತಿಧ್ವನಿಗಳನ್ನು ನೆನಪಿಸಿಕೊಂಡು ಅನ್ವಯಿಸುವುದು.
3. ಕೆಲಸ ಮಾಡದ ಮಂಡಲದಲ್ಲಿ ದೋಷವನ್ನು ಕ್ರಮವಾಗಿ ಹುಡುಕುವುದು.

ಮೂರನೆಯದನ್ನು ನಾನು ಮೊದಲು ಬರೆದಿರಲಿಲ್ಲ. ಪಾಠ ಮುಗಿದ ಮೇಲೆ ಸೇರಿಸಿದೆ. ಕಾರಣ ಮುಂದೆ ತಿಳಿಯುತ್ತದೆ.

ಸಾಮಗ್ರಿಗಳು (ಪ್ರತಿ ಗುಂಪಿಗೆ)

5 ವೋಲ್ಟ್‌ನಲ್ಲಿ ನಡೆಯುವ ಪಿಎಎಂ 8403 ಆಂಪ್ಲಿಫೈಯರ್ ಬೋರ್ಡ್, 4 ಓಮ್‌ನ 3 ಇಂಚಿನ ಎರಡು ಸ್ಪೀಕರ್, ತಂತಿಯ ಮೈಕ್, ಮೈಕ್‌ಗೆ ಪ್ರಿ-ಆಂಪ್ ಬೋರ್ಡ್, 10 ಕಿಲೋಓಮ್‌ನ ಕೆಲವು ರೋಧಕಗಳು, ವಾಲ್ಯೂಮ್ ಕಂಟ್ರೋಲ್. ಇಡೀ ತರಗತಿಗೆ 10000 ಎಂಎಎಚ್‌ನ ಎರಡು ಪವರ್ ಬ್ಯಾಂಕ್, ಒಂದು ಮಲ್ಟಿಮೀಟರ್, ಎರಡು ಬೆಸುಗೆ ಕಡ್ಡಿ. ಬಿಡಿ ಲಿಥಿಯಂ ಸೆಲ್‌ಗಳನ್ನು ಬೇಕೆಂದೇ ತರಲಿಲ್ಲ. ಅವುಗಳಿಗೆ ಮಕ್ಕಳು ಬೆಸುಗೆ ಹಾಕುವುದು ಅಪಾಯ. ಪವರ್ ಬ್ಯಾಂಕ್‌ನೊಳಗೆ ರಕ್ಷಣಾ ಮಂಡಲ ಇರುತ್ತದೆ.

ಹಂತ 1: ತೊಡಗಿಸಿಕೊಳ್ಳುವಿಕೆ

‘ಕರೋಕೆ’ ಜಪಾನಿ ಪದ. ‘ಕರಾ’ ಎಂದರೆ ಖಾಲಿ, ‘ಓಕೆ’ ಎಂಬುದು ಆರ್ಕೆಸ್ಟ್ರಾ ಪದದ ಜಪಾನಿ ರೂಪದ ಮೊಟಕು. ಗಾಯಕರ ಜಾಗ ಖಾಲಿ ಇರುವ ವಾದ್ಯವೃಂದ ಎಂದರ್ಥ. ಕೋಬೆ ನಗರದ ವಾದಕ ದೈಸುಕೆ ಇನೌಯೆ 1971ರಲ್ಲಿ ಟೇಪ್, ಮೈಕ್, ಆಂಪ್ಲಿಫೈಯರ್ ಸೇರಿಸಿ ಇಂಥದೊಂದು ಯಂತ್ರ ಮಾಡಿದರು, ಪೇಟೆಂಟ್ ಪಡೆಯಲಿಲ್ಲ. ಇಷ್ಟು ಹೇಳಿ ಕೇಳಿದೆ: “ಹಾಡಿನಿಂದ ಗಾಯಕಿಯ ದನಿಯನ್ನು ಮಾತ್ರ ತೆಗೆಯುವುದು ಹೇಗೆ?”

ಶಾಲೆಯ ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಹಾಕಿ ಒಂದು ಚಿತ್ರಗೀತೆಯನ್ನು ತೆರೆದೆ. ಎಡ, ಬಲ ಎಂದು ಎರಡು ತರಂಗಗಳು ಪರದೆಯ ಮೇಲೆ ಬಂದವು. ಬಲದ ತರಂಗವನ್ನು ತಲೆಕೆಳಗು ಮಾಡಿ ಎಡದೊಂದಿಗೆ ಕೂಡಿಸಿದೆ. ಗಾಯಕಿಯ ದನಿ ದೂರ ಸರಿದಂತೆ ಕ್ಷೀಣವಾಯಿತು, ಕೊಳಲು, ಪಿಟೀಲು ಉಳಿದವು. ಧ್ವನಿಮುದ್ರಣದಲ್ಲಿ ಗಾಯಕರ ದನಿಯನ್ನು ಸಾಮಾನ್ಯವಾಗಿ ನಡುವೆ, ಅಂದರೆ ಎರಡೂ ಕಡೆ ಸಮವಾಗಿ ಇಡುತ್ತಾರೆ. ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಸೇರಿದಾಗ ಅದು ಸೊನ್ನೆಯಾಗುತ್ತದೆ. ಬದಿಗಳಲ್ಲಿ ಬೇರೆ ಬೇರೆಯಾಗಿರುವ ವಾದ್ಯಗಳು ಉಳಿಯುತ್ತವೆ.

ಆಗ ಒಬ್ಬ ಹುಡುಗ ತನ್ನ ಅಜ್ಜನಿಗೆ ಇಷ್ಟವಾದ ಬಹಳ ಹಳೆಯ ಹಾಡೊಂದನ್ನು ಹಾಕಲು ಹೇಳಿದ. ಹಾಗೆಯೇ ಮಾಡಿದೆ. ದನಿಯೂ ಇಲ್ಲ, ವಾದ್ಯವೂ ಇಲ್ಲ, ಬಹುತೇಕ ನಿಶ್ಶಬ್ದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಉತ್ತರ ಬಂತು: “ಹಳೇದ್ರಲ್ಲಿ ಎರಡೂ ಕಡೆ ಒಂದೇ ಇದೆ ಮಿಸ್, ಅದಕ್ಕೆ ಎಲ್ಲಾ ಹೋಯ್ತು.” ಈ ವಿವರಣೆ ನನ್ನ ಪಾಠ ಯೋಜನೆಯಲ್ಲಿ ಇರಲೇ ಇಲ್ಲ.

ಹಂತ 2: ಅನ್ವೇಷಣೆ

ಪ್ರಯೋಗಾಲಯದ ಗ್ಯಾಲ್ವನೋಮೀಟರಿಗೆ ಒಂದು ಸ್ಪೀಕರನ್ನು ಜೋಡಿಸಿ, ಅದರ ಶಂಕುವನ್ನು ಬೆರಳಿನಿಂದ ಮೆಲ್ಲಗೆ ಒತ್ತಲು ಹೇಳಿದೆ. ಒತ್ತಿದಾಗ ಮುಳ್ಳು ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ಓಡಿತು. ಸುರುಳಿ ಇರುವ ಮೈಕ್ ಎಂದರೆ ಹಿಮ್ಮುಖವಾಗಿ ಕೆಲಸ ಮಾಡುವ ಸ್ಪೀಕರ್ ಎಂಬುದು ಹೀಗೆ ಕೈಗೆ ಸಿಕ್ಕಿತು. ಇಂಥ ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್, ಫೋನಿನಿಂದ ಬರುವ ಸಂಕೇತ ಅದರ ನೂರಾರು ಪಟ್ಟು. ಪ್ರಿ-ಆಂಪ್ ಬೇಕಾಗುವುದು ಇದಕ್ಕೇ.

ನಂತರ ಪೆಟ್ಟಿಗೆಯ ಪ್ರಶ್ನೆ. ಬರಿಯ ಸ್ಪೀಕರ್ ಮೇಜಿನ ಮೇಲೆ ಕೀರಲಾಗಿ ಹಾಡುತ್ತಿತ್ತು. ಅದನ್ನು ರಟ್ಟಿನ ದೊಡ್ಡ ಹಾಳೆಯ ರಂಧ್ರಕ್ಕೆ ಒತ್ತಿ ಹಿಡಿದ ಕೂಡಲೇ ದನಿ ತುಂಬಿಕೊಂಡಿತು. ಶಂಕು ಮುಂದೆ ಸರಿದಾಗ ಎದುರು ಸಂಪೀಡನ, ಹಿಂದೆ ವಿರಳನ ಉಂಟಾಗುತ್ತದೆ. ತಡೆ ಇಲ್ಲದಿದ್ದರೆ ಅವು ಅಂಚಿನಲ್ಲಿ ಸುತ್ತಿ ಬಂದು ಒಂದನ್ನೊಂದು ಅಳಿಸುತ್ತವೆ. ಕಡಿಮೆ ಆವೃತ್ತಿಯ ಶಬ್ದಕ್ಕೆ ಈ ನಷ್ಟ ಹೆಚ್ಚು. ಒಂದು ಗುಂಪು ಬಿಸ್ಕತ್ತಿನ ತಗಡಿನ ಡಬ್ಬ ತಂದಿತು, ಅದು ಕೆಲವು ಸ್ವರಗಳಿಗೆ ಗಿರ್ರೆಂದಿತು. ಇನ್ನೊಂದು ಗುಂಪು ಮಡಕೆ ತಂದಿತು, ಒಂದು ಸ್ವರ ಬಂದಾಗ ಮಾತ್ರ ಗುಂಯ್‌ಗುಟ್ಟಿತು. ಕೊನೆಗೆ ಎಲ್ಲರೂ ಪ್ಲೈವುಡ್‌ಗೆ ಬಂದರು. ಹಾಗೆ ಬರಲು ನಾನು ಹೇಳಬೇಕಾಗಲಿಲ್ಲ.

ಹಂತ 3: ಲೆಕ್ಕಗಳು

*ಪೆಟ್ಟಿಗೆ ಎಷ್ಟು ಹೊತ್ತು ಹಾಡುತ್ತದೆ?* ಮಕ್ಕಳು 10 ಆಂಪಿಯರ್-ಗಂಟೆಯನ್ನು 5 ವೋಲ್ಟ್‌ನಿಂದ ಗುಣಿಸಿ 50 ವಾಟ್-ಗಂಟೆ ಎಂದರು. ಪವರ್ ಬ್ಯಾಂಕಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿಸಿದೆ. ಆ ಎಂಎಎಚ್ ಒಳಗಿನ 3.7 ವೋಲ್ಟ್ ಸೆಲ್‌ಗೆ ಸಂಬಂಧಿಸಿದ್ದು. ಹಾಗಾಗಿ 3.7 × 10 = 37 ವಾಟ್-ಗಂಟೆ. 5 ವೋಲ್ಟ್‌ಗೆ ಏರಿಸುವಾಗಿನ ನಷ್ಟಕ್ಕೆ ಐದನೇ ಒಂದು ಭಾಗ ಬಿಟ್ಟು ಸುಮಾರು 29.6 ಎಂದು ಇಟ್ಟುಕೊಂಡೆವು.

*3 ವಾಟ್ ಯಾಕೆ?* V²/R ಪ್ರಕಾರ 5 × 5 ÷ 4 = 6.25 ವಾಟ್ ಬರಬೇಕು, ಬೋರ್ಡಿನ ವಿವರದಲ್ಲಿ 3 ವಾಟ್ ಎಂದಿದೆಯಲ್ಲ ಎಂದು ಒಬ್ಬಳು ಕೇಳಿದಳು. ಸ್ಪೀಕರಿಗೆ ಸಿಗುವ ವಿಭವಾಂತರ ಅಲೆಯಂತೆ ಏರಿಳಿಯುತ್ತದೆ, ಸದಾ ಗರಿಷ್ಠದಲ್ಲಿ ಇರುವುದಿಲ್ಲ. ಅಂಥ ಅಲೆಯ ಸರಾಸರಿ ಸಾಮರ್ಥ್ಯ ಗರಿಷ್ಠದ ಅರ್ಧ. ಹಾಗಾಗಿ ಸುಮಾರು 3.1 ವಾಟ್.

*ಹಾಡಿನ ನಡುವೆ ಆಫ್ ಆಗುವುದೇಕೆ?* ಎರಡು ಹಾಡುಗಳ ನಡುವೆ ಮೌನವಾದಾಗ ಪವರ್ ಬ್ಯಾಂಕ್ ತಾನಾಗಿಯೇ ಆಫ್ ಆಗುತ್ತಿತ್ತು. ಪ್ರವಾಹ ತೀರಾ ಕಡಿಮೆಯಾದರೆ ಫೋನ್ ಚಾರ್ಜ್ ಆಗಿದೆ ಎಂದು ತಿಳಿದು ನಿಲ್ಲುವಂತೆ ಹಲವು ಪವರ್ ಬ್ಯಾಂಕ್‌ಗಳನ್ನು ಮಾಡಿರುತ್ತಾರೆ. ಸದಾ 100 ಮಿಲಿಆಂಪಿಯರ್‌ನಷ್ಟು ಪ್ರವಾಹ ಹರಿಸಲು ಎಷ್ಟು ರೋಧ ಬೇಕು? 5 ÷ 0.1 = 50 ಓಮ್. ಅಂಗಡಿಯಲ್ಲಿ ಸಿಗುವುದು 47 ಓಮ್. ಒಂದು ಗುಂಪು ಕಾಲು ವಾಟ್‌ನ ರೋಧಕ ಹಾಕಿ ಮುಟ್ಟಿ ನೋಡಿ ಕೈ ಕೊಡವಿಕೊಂಡಿತು. 5 × 5 ÷ 47, ಅಂದರೆ 0.53 ವಾಟ್ ಅದರಲ್ಲಿ ಶಾಖವಾಗುತ್ತಿತ್ತು. 1 ವಾಟ್‌ನ ರೋಧಕ ಹಾಕಿದ ಮೇಲೆ ಸರಿಯಾಯಿತು. ಹಾಡುವಾಗ ಮೀಟರಿನಲ್ಲಿ ಕಂಡ ಸರಾಸರಿ 0.4 ಆಂಪಿಯರ್‌ಗೆ 2 ವಾಟ್, ಜೊತೆಗೆ ಈ 0.53 ವಾಟ್. 29.6 ÷ 2.53, ಸುಮಾರು 11 ಗಂಟೆ 40 ನಿಮಿಷ. ವಿದ್ಯುತ್ ಪ್ರವಾಹದ ಉಷ್ಣೋತ್ಪನ್ನ ಪರಿಣಾಮವನ್ನು ನಾನು ಬೇರೆಯಾಗಿ ಬೋಧಿಸುವ ಅಗತ್ಯವೇ ಬೀಳಲಿಲ್ಲ.

ಹಂತ 4: ಜೋಡಣೆ, ಮತ್ತು ನಾನು ಮಾಡಿದ ತಪ್ಪು

ಫೋನಿನ ಎಡ-ಬಲ ತಂತಿಗಳನ್ನು ನೇರವಾಗಿ ಒಟ್ಟಿಗೆ ಸುತ್ತಬಾರದು, ಒಂದರ ಹೊರದಾರಿ ಇನ್ನೊಂದರ ಮೇಲೆ ಹೊರೆಯಾಗುತ್ತದೆ. ಪ್ರತಿಯೊಂದಕ್ಕೂ, ಮೈಕ್‌ನ ಪ್ರಿ-ಆಂಪ್‌ಗೂ, ಒಂದೊಂದು 10 ಕಿಲೋಓಮ್ ರೋಧಕದ ಮೂಲಕ ಒಂದೇ ಬಿಂದುವಿಗೆ ತಂದು ಬೆರೆಸಿದೆವು. ಮೊಬೈಲ್ ನನ್ನದು ಮಾತ್ರ ಬಳಕೆಯಾಯಿತು.

ಆರನೇ ಅವಧಿಯ ಕೊನೆಗೆ ಮೂರು ಪೆಟ್ಟಿಗೆಗಳು ಹಾಡಿದವು, ಮೂರನೇ ಗುಂಪಿನದು ಮೌನವಾಗಿತ್ತು. ಅದರ ಬೋರ್ಡ್ ಬಿಸಿಯಾಗುತ್ತಿತ್ತು. ಮರುದಿನ ಕಾಲೇಜಿನಿಂದ ನನ್ನ ಪಾಠ ವೀಕ್ಷಣೆಗೆ ಉಪನ್ಯಾಸಕರು ಬರುವವರಿದ್ದರು. ಆ ಪೆಟ್ಟಿಗೆಯನ್ನು ಕೋಣೆಗೆ ಒಯ್ದು ರಾತ್ರಿ ಬಿಚ್ಚಿದೆ. ಮಕ್ಕಳು ಎರಡೂ ಸ್ಪೀಕರಿನ ಕಪ್ಪು ತಂತಿಗಳನ್ನು ಸೇರಿಸಿ ವಿದ್ಯುತ್ ಮೂಲದ ಋಣ ತುದಿಗೆ ಕೊಟ್ಟಿದ್ದರು. ಈ ಬಗೆಯ ಬೋರ್ಡಿನಲ್ಲಿ ಅದು ಸಲ್ಲದು. ಸ್ಪೀಕರಿನ ಎರಡೂ ತಂತಿಗಳಲ್ಲಿ ಸಂಕೇತ ಇರುತ್ತದೆ, ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಯಾವುದನ್ನೂ ಋಣಕ್ಕೆ ಸೇರಿಸುವಂತಿಲ್ಲ. ಹತ್ತು ನಿಮಿಷದಲ್ಲಿ ಸರಿಪಡಿಸಿದೆ. ಬೆಳಿಗ್ಗೆ ನಾಲ್ಕೂ ಪೆಟ್ಟಿಗೆಗಳು ಹಾಡಿದವು.

ವೀಕ್ಷಣೆಯ ಅವಧಿ ಚೆನ್ನಾಗಿಯೇ ನಡೆಯುತ್ತಿತ್ತು. ಒಬ್ಬ ಹುಡುಗ ಮೈಕ್ ಹಿಡಿದು ಪೆಟ್ಟಿಗೆಯ ಎದುರಿಗೇ ಬಂದ. ಕೂಯ್ಯ್ ಎಂಬ ಕಿರುಚು ಇಡೀ ಕೋಣೆ ತುಂಬಿತು. ಮಕ್ಕಳು ಕಿವಿ ಮುಚ್ಚಿ ನಕ್ಕರು. ನಾನು ಓಡಿಹೋಗಿ ಸ್ವಿಚ್ ಆರಿಸಿ, “ಮೈಕ್ ದೂರ ಹಿಡಿದುಕೊಳ್ಳಬೇಕು” ಎಂದು ಹೇಳಿ ಮುಂದೆ ಹೋದೆ. ಅವಧಿಯ ನಂತರ ಉಪನ್ಯಾಸಕರು ಕೇಳಿದ್ದು ಒಂದೇ ಪ್ರಶ್ನೆ: “ಅಷ್ಟು ಬೇಗ ಯಾಕಮ್ಮ ಆಫ್ ಮಾಡಿದೆ? ಅಲ್ಲೇ ಇತ್ತಲ್ಲ ಪಾಠ.”

ಹಂತ 5: ಕಿರುಚನ್ನು ಮತ್ತೆ ಕರೆದದ್ದು

ಮರುದಿನ ಬೇಕೆಂದೇ ಕಿರುಚಿಸಿದೆವು. ನೆಲದ ಮೇಲೆ ಪೆಟ್ಟಿಗೆಯ ಸುತ್ತ ಸುಣ್ಣದ ಗೆರೆ ಎಳೆದು, ವಾಲ್ಯೂಮ್ ಒಂದೇ ಕಡೆ ಇಟ್ಟು, ಮೈಕ್ ಎಲ್ಲೆಲ್ಲಿ ಇದ್ದಾಗ ಕಿರುಚು ಹುಟ್ಟುತ್ತದೆ ಎಂದು ಗುರುತಿಸಿದರು. ಎದುರಿಗೆ ದೂರದವರೆಗೂ ಗುರುತು ಬಿತ್ತು, ಬೆನ್ನ ಹಿಂದೆ ತೀರಾ ಹತ್ತಿರ ಮಾತ್ರ. ವಾಲ್ಯೂಮ್ ಸ್ವಲ್ಪ ತಗ್ಗಿಸಿದರೆ ಗುರುತುಗಳೆಲ್ಲ ಒಳಗೆ ಸರಿದವು. ಸ್ಪೀಕರಿನ ದನಿ ಮೈಕ್‌ಗೆ ಹೋಗಿ, ಹಿಗ್ಗಿ, ಮತ್ತೆ ಸ್ಪೀಕರಿಗೆ ಬರುತ್ತದೆ. ಒಂದು ಸುತ್ತು ಮುಗಿದಾಗ ಹೊರಟದ್ದಕ್ಕಿಂತ ದೊಡ್ಡದಾಗಿದ್ದರೆ ಕಿರುಚು ಬೆಳೆಯುತ್ತದೆ, ಚಿಕ್ಕದಾಗಿದ್ದರೆ ಅಡಗುತ್ತದೆ. “ಬಡ್ಡಿ ಮೇಲೆ ಬಡ್ಡಿ ಬಂದ ಹಾಗೆ” ಎಂದಳು ಗೆರೆ ಎಳೆಯುತ್ತಿದ್ದ ಹುಡುಗಿ. ಮೊದಲ ದಿನ ಈ ಬಾಕ್ಸ್ ಕೇಳಿದವಳೂ ಅವಳೇ.

ಕರೋಕೆ ಯಂತ್ರಗಳಲ್ಲಿ ಕೇಳುವ ಮಾರ್ದನಿ ನಮ್ಮ ಪೆಟ್ಟಿಗೆಯಲ್ಲಿ ಇರಲಿಲ್ಲ. ಅದನ್ನು ವಿಸ್ತರಣೆಗೆ ಬಳಸಿಕೊಂಡೆ. ಪ್ರತಿಧ್ವನಿ ಬೇರೆಯಾಗಿ ಕೇಳಲು 0.1 ಸೆಕೆಂಡ್ ಬೇಕು. ಶಬ್ದದ ಜವ 344 ಮೀಟರ್ ಪ್ರತಿ ಸೆಕೆಂಡ್ ಎಂದರೆ ಗೋಡೆ 17.2 ಮೀಟರ್ ದೂರ ಇರಬೇಕು. ನಮ್ಮ ಕೋಣೆ ಅಷ್ಟು ಉದ್ದವಿಲ್ಲ. ಮೈದಾನಕ್ಕೆ ಹೋಗಿ ಶಾಲೆಯ ಹಿಂಗೋಡೆಯ ಎದುರು ಚಪ್ಪಾಳೆ ತಟ್ಟಿ ಕೇಳಿದೆವು.

ಮೌಲ್ಯಮಾಪನ

ಕೊನೆಯ ಅವಧಿಯಲ್ಲಿ ಪ್ರತಿ ಗುಂಪಿಗೂ ಮೌಖಿಕ ಪ್ರಶ್ನೆ: “ನಿಮ್ಮ ಪೆಟ್ಟಿಗೆಯಲ್ಲಿ ಏನು ಕೆಟ್ಟಿತ್ತು, ಹೇಗೆ ಕಂಡುಹಿಡಿದಿರಿ?” ರೋಧಕ ಸುಟ್ಟುಕೊಂಡ ಗುಂಪು ಸಾಮರ್ಥ್ಯದ ಸೂತ್ರವನ್ನು ನಾನು ಕೇಳುವ ಮೊದಲೇ ಹೇಳಿತು. ತಗಡಿನ ಡಬ್ಬದ ಗುಂಪು ಕಂಪನದ ಬಗ್ಗೆ ಮಾತು ನಿಲ್ಲಿಸಲೇ ಇಲ್ಲ. ಮೂರನೇ ಗುಂಪು ಸುಮ್ಮನೆ ನಿಂತಿತು. ನಂತರ ಒಬ್ಬ ಮೆಲ್ಲಗೆ ಹೇಳಿದ: “ಗೊತ್ತಿಲ್ಲ ಮಿಸ್. ನೀವೇ ತಗೊಂಡು ಹೋಗಿ ಸರಿ ಮಾಡಿದ್ರಲ್ಲ.”

ಲಿಖಿತ ಪರೀಕ್ಷೆಯಲ್ಲಿಯೂ ಮಂಡಲ ಚಿತ್ರದ ಪ್ರಶ್ನೆಗೆ ಆ ಗುಂಪಿನ ಹೆಚ್ಚಿನವರು ಕಪ್ಪು ತಂತಿಯನ್ನು ಮತ್ತೆ ಋಣಕ್ಕೇ ಜೋಡಿಸಿದ್ದರು. ತಪ್ಪಿನ ಮೂಲ ಹುಡುಕಿದಾಗ ನನ್ನದೇ ಕಪ್ಪುಹಲಗೆಯ ಚಿತ್ರಕ್ಕೆ ಬಂದು ನಿಂತೆ. ಮೊದಲ ವಾರ ಬಿಡಿಸಿದ ಪ್ರತಿ ಮಂಡಲದಲ್ಲೂ ಪ್ರವಾಹವನ್ನು ಬ್ಯಾಟರಿಯ ಋಣಕ್ಕೆ ಹಿಂತಿರುಗಿಸಿದ್ದೆ. ಮಕ್ಕಳು ನಾನು ಕಲಿಸಿದ್ದನ್ನೇ ಮಾಡಿದ್ದರು. ಅದನ್ನು ತರಗತಿಯಲ್ಲಿ ಬಿಚ್ಚಿದ್ದರೆ ಈ ಸಂಗತಿ ಎಲ್ಲರಿಗೂ ತಿಳಿಯುತ್ತಿತ್ತು, ನನಗೂ ಸೇರಿ.

ಶಾಲೆಯಲ್ಲಿ ನನ್ನ ಕೊನೆಯ ದಿನ ಆ ಗುಂಪಿನ ಬಳಿ ಹೋಗಿ, ಪೆಟ್ಟಿಗೆಯ ತಂತಿಯನ್ನು ಅವರು ಮೊದಲು ಹಾಕಿದ್ದ ಹಾಗೆಯೇ ಮತ್ತೆ ಹಾಕಿ ಕೊಟ್ಟೆ. ನಡೆದದ್ದನ್ನೂ ಹೇಳಿದೆ. ಊಟದ ವಿರಾಮ ಪೂರ್ತಿ ಬೇಕಾಯಿತು, ಆದರೆ ಅವರೇ ಕಂಡುಹಿಡಿದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

1. ಎಂಟು ಅವಧಿ ಸಾಲದು. ದೋಷ ಹುಡುಕಲೆಂದೇ ಎರಡು ಅವಧಿಗಳನ್ನು ಪಾಠ ಯೋಜನೆಯಲ್ಲಿ ಬರೆದಿಡಿ.
2. ಜೋಡಣೆಗೆ ಮುನ್ನ ಬೋರ್ಡಿನ ವಿವರವನ್ನು ನೀವು ಓದಿ, ಆದರೆ ಎಲ್ಲ ಎಚ್ಚರಿಕೆಗಳನ್ನೂ ಮೊದಲೇ ಹೇಳಿಬಿಡಬೇಡಿ. ಸುರಕ್ಷತೆಗೆ ಸಂಬಂಧಿಸಿದ್ದನ್ನು ಮಾತ್ರ ಮೊದಲೇ ಹೇಳಿ.
3. ಬೆಸುಗೆ ಕಡ್ಡಿ ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳಿ. ಮೊದಲ ದಿನ ನನ್ನ ತರಗತಿಯಲ್ಲಿ ಅದು ಹುಡುಗರ ಕೈಯಲ್ಲೇ ಇತ್ತು, ಹುಡುಗಿಯರು ಟಿಪ್ಪಣಿ ಬರೆಯುತ್ತಿದ್ದರು. ಮಾರ್ಗದರ್ಶಕ ಶಿಕ್ಷಕರು ತೋರಿಸುವವರೆಗೆ ನನಗೆ ಕಾಣಲಿಲ್ಲ. ಪಾಳಿ ಹಾಕಿದ ಮೇಲೆ ಸರಿಹೋಯಿತು.
4. ವೀಕ್ಷಣೆಯ ದಿನಕ್ಕಾಗಿ ಮಕ್ಕಳ ಕೆಲಸವನ್ನು ರಾತ್ರಿ ಕೋಣೆಯಲ್ಲಿ ಸರಿಪಡಿಸಬೇಡಿ. ಮೌನವಾಗಿರುವ ಪೆಟ್ಟಿಗೆಯನ್ನು ಹಾಗೆಯೇ ಮೇಜಿನ ಮೇಲಿಡಿ.

ನಾಲ್ಕು ಪೆಟ್ಟಿಗೆಗಳೂ ಈಗ ಆ ಶಾಲೆಯಲ್ಲೇ ಇವೆ. ಸಮೂಹ ಗಾಯನದವರು ಅಭ್ಯಾಸಕ್ಕೆ ಆರಿಸಿಕೊಂಡದ್ದು ಮೂರನೇ ಗುಂಪಿನ ಪೆಟ್ಟಿಗೆಯನ್ನು. ಕೆಟ್ಟರೆ ಸರಿಮಾಡಲು ಅವರಿಗೆ ಬರುತ್ತದೆ ಎಂಬುದು ಅವರು ಕೊಟ್ಟ ಕಾರಣ.