ಇಟಲಿ ದೇಶದಲ್ಲಿ ರೈಲುಬಂಡಿಯ ಪ್ರಯಾಣ

ಇಟಲಿ ದೇಶವನ್ನು ನೋಡಬಯಸುವವರಿಗೆ ರೈಲುಬಂಡಿಯು ಬಹಳ ಅನುಕೂಲವಾದ ಸಾಧನ. ಆದರೆ ಫಲಕವನ್ನೂ ಟಿಕೀಟನ್ನೂ ತಾನೇ ಓದಿ ತಿಳಿಯಬಲ್ಲವಳಿಗೆ ಮಾತ್ರ ಆ ಅನುಕೂಲವು ಪೂರ್ಣವಾಗಿ ದೊರೆಯುವುದು. ಆದುದರಿಂದ ಈ ಕೆಳಗಿನ ಸಂಗತಿಗಳನ್ನು ಮನಸ್ಸಿನಲ್ಲಿಡತಕ್ಕದ್ದು.

೧. ಊರುಗಳ ಹೆಸರು. ಭೂಗೋಳದ ಪಾಠದಲ್ಲಿ ನಾವು ಕಲಿತ ಫ್ಲಾರೆನ್ಸ್ ಅಲ್ಲಿ ‘ಫಿರೆಂತ್ಸೆ’, ವೆನಿಸ್ ‘ವೆನೇತ್ಸಿಯ’, ನೇಪಲ್ಸ್ ‘ನಾಪೊಲಿ’. ವೆನಿಸಿನ ಕಾಲುವೆಗಳನ್ನು ನೋಡಹೋಗುವವರು ‘ಮೆಸ್ತ್ರೆ’ಯಲ್ಲಿ ಇಳಿಯಬಾರದು, ಅದು ನೀರಿನ ಈಚೆಯ ದಡದಲ್ಲಿರುವುದು. ‘ಸಾಂತಾ ಲುಚೀಯ’ ನಿಲ್ದಾಣದ ವರೆಗೆ ಹೋಗಬೇಕು.

೨. ಫಲಕ. ‘ಪಾರ್ತೆಂತ್ಸೆ’ ಎಂದರೆ ಹೊರಡುವ ಬಂಡಿಗಳು, ‘ಅರ್ರೀವಿ’ ಎಂದರೆ ಬರುವ ಬಂಡಿಗಳು, ‘ಬಿನಾರಿಯೊ’ ಎಂದರೆ ಪ್ಲಾಟ್‌ಫಾರಮ್ಮು, ‘ರಿತಾರ್ದೊ’ ಎಂದರೆ ತಡ. ಫಲಕದಲ್ಲಿ ಬಂಡಿಯ ಕೊನೆಯ ಊರಿನ ಹೆಸರೇ ಎದ್ದು ಕಾಣುವುದು. ರೋಮಿನಿಂದ ಫ್ಲಾರೆನ್ಸಿಗೆ ಹೋಗುವವಳು ಹತ್ತಬೇಕಾದ ಬಂಡಿಯ ಮುಂದೆ ‘ಮಿಲಾನೊ’ ಎಂದಿರಬಹುದು. ಆದಕಾರಣ ಬಂಡಿಯ ಸಂಖ್ಯೆಯನ್ನು ನೋಡುವುದೇ ಕ್ಷೇಮ.

೩. ಟಿಕೀಟು. ಪರದೇಶದವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ವೇಗದ ಬಂಡಿಗಳ ಟಿಕೀಟಿನಲ್ಲಿ ಬಂಡಿಯೂ ಆಸನವೂ ಗೊತ್ತಾಗಿರುವುವು. ‘ರೆಜೊನಾಲೆ’ ಎಂಬ ಪ್ರಾಂತೀಯ ಬಂಡಿಗಳ ಕಾಗದದ ಟಿಕೀಟಿಗಾದರೋ ಇಂಥದೇ ಬಂಡಿಯೆಂಬ ಕಟ್ಟಿಲ್ಲ. ಹತ್ತುವುದಕ್ಕೆ ಮುಂಚೆ ನಿಲ್ದಾಣದ ಯಂತ್ರದಲ್ಲಿಟ್ಟು ಅದಕ್ಕೆ ವೇಳೆಯ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದಿದ್ದರೆ, ಹಣ ಕೊಟ್ಟು ಕೊಂಡ ಟಿಕೀಟಾದರೂ ದಂಡ ತೆರಬೇಕಾಗುವುದು.

೪. ಮುಷ್ಕರ. ಇದಕ್ಕೆ ‘ಷೋಪೆರೊ’ ಎನ್ನುವರು. ವಾರದ ಕೆಲಸದ ದಿನಗಳಲ್ಲಿ ಮುಷ್ಕರವಾದರೂ ಬೆಳಿಗ್ಗೆ ೬ರಿಂದ ೯ರ ವರೆಗೂ ಸಂಜೆ ೬ರಿಂದ ೯ರ ವರೆಗೂ ಮುಖ್ಯವಾದ ಪ್ರಾಂತೀಯ ಬಂಡಿಗಳು ಓಡುವುವು.

ಟಿಕೀಟಿನ ಯಂತ್ರದ ಬಳಿ ಕರೆಯದೆ ಬಂದು ಸಹಾಯಮಾಡುವವರ ಮುಂದೆ ಹಣದ ಚೀಲವನ್ನು ತೆರೆಯಬಾರದು. ತಂದೆತಾಯಿಗಳು ಹೆಣ್ಣುಮಕ್ಕಳನ್ನು ಕಳುಹಿಸುವಾಗ ಜತೆಯವರನ್ನು ಹುಡುಕಿಕೊಟ್ಟರೆ ಸಾಲದು. ಟಿಕೀಟನ್ನು ಅವರ ಕೈಗೇ ಕೊಟ್ಟು ಓದಿಸಿ ನೋಡಬೇಕು.