ಧರ್ಮೋಪದೇಶ ಪಾಠ: ನೆರೆಯವರನ್ನು ಯಾವ ಹೆಸರಿನಿಂದ ಕರೆಯೋಣ?

ಎಂಟನೆಯ ಕಟ್ಟಳೆಯನ್ನು ಕಲಿಸುವಾಗ, ಬೆಲ್ಲ ಕದ್ದು ತಿಂದು 'ನಾನಲ್ಲ' ಎನ್ನುವ ಹುಡುಗನ ಉದಾಹರಣೆ ಕೊಟ್ಟು ಮುಗಿಸುತ್ತೇವೆ. ಆದರೆ ನೆರೆಯವರ ನಂಬಿಕೆಯ ಕುರಿತು ಇಲ್ಲದ್ದನ್ನು ಹೇಳುವುದೂ ಸುಳ್ಳು ಸಾಕ್ಷಿಯೇ. ಕಾಸರಗೋಡಿನ ನಮ್ಮ ಮಕ್ಕಳು ಶಾಲೆಯಲ್ಲಿ ಮುಸ್ಲಿಂ ಮಕ್ಕಳ ಪಕ್ಕದಲ್ಲೇ ಕುಳಿತುಕೊಳ್ಳುವವರು. ಅವರಿಗೆ ಈ ಪಾಠ ಬೇಕು.

ಇಸ್ಲಾಂ ಎಂಬುದು ಧರ್ಮದ ಹೆಸರು, ಮುಸ್ಲಿಂ ಎಂದರೆ ಅದನ್ನು ಪಾಲಿಸುವವರು. ಎರಡೂ ಒಂದೇ ಅರಬ್ಬೀ ಧಾತುವಿನಿಂದ ಬಂದ ಪದಗಳು. ದೇವರಿಗೆ ತನ್ನನ್ನು ಒಪ್ಪಿಸಿಕೊಳ್ಳುವುದು ಎಂಬ ಅರ್ಥ ಎರಡರಲ್ಲೂ ಇದೆ. ಹಳೆಯ ಪುಸ್ತಕಗಳಲ್ಲಿ 'ಮಹಮ್ಮದೀಯರು' ಎಂದು ಬರೆದದ್ದನ್ನು ನೋಡಿರಬಹುದು. ಕೇಳಲು ಗೌರವವಾಗಿಯೇ ಇದೆ, ಆದರೂ ತಪ್ಪು. ನಾವು ಕ್ರಿಸ್ತರನ್ನು ಆರಾಧಿಸುವಂತೆ ಅವರು ಮುಹಮ್ಮದರನ್ನು ಆರಾಧಿಸುವುದಿಲ್ಲ. ಅವರಿಗೆ ಮುಹಮ್ಮದರು ಪ್ರವಾದಿ. 'ನೀವು ಮರಿಯಮ್ಮನನ್ನು ಪೂಜಿಸುವವರಲ್ಲವೇ?' ಎಂದು ಯಾರಾದರೂ ಕೇಳಿದಾಗ ಹೇಗನಿಸುತ್ತದೆ ಎಂದು ಮಕ್ಕಳನ್ನೇ ಕೇಳಿ ನೋಡಿ. ಇನ್ನು 'ಬ್ಯಾರಿ' ಎಂಬುದು ಸ್ವಂತ ಭಾಷೆಯುಳ್ಳ ಒಂದು ಸಮುದಾಯದ ಹೆಸರು, ಎಲ್ಲ ಮುಸ್ಲಿಮರದ್ದಲ್ಲ. ಮಲಯಾಳ, ಉರ್ದು ಮನೆಮಾತಿನವರೂ ಇಲ್ಲಿದ್ದಾರೆ. ಹಗುರವಾಗಿ ಆಡುವ ಬೇರೆ ಹೆಸರುಗಳು ತರಗತಿಯಲ್ಲಿ ಬೇಡವೇ ಬೇಡ.

ಉಸ್ತಾದರನ್ನು 'ಅವರ ಪಾದ್ರಿ' ಎನ್ನುವುದೂ ಸರಿಯಲ್ಲ. ನಮ್ಮಲ್ಲಿರುವಂಥ ಗುರುದೀಕ್ಷೆ ಅವರಲ್ಲಿಲ್ಲ. ಉಸ್ತಾದರು ಮದ್ರಸದಲ್ಲಿ ಕಲಿಸುತ್ತಾರೆ, ಇಮಾಮರು ಮುಂದೆ ನಿಂತು ನಮಾಜು ನಡೆಸುತ್ತಾರೆ.

ಹೆಚ್ಚು ಎಡವುವುದು 'ಅಲ್ಲಾಹ್' ಎಂಬ ಪದದಲ್ಲಿ. ಅದು 'ದೇವರು' ಎಂಬುದಕ್ಕೆ ಅರಬ್ಬೀ ಪದ. ಲೆಬನಾನಿನ ಕಥೋಲಿಕರು ಅರಬ್ಬೀಯಲ್ಲಿ ಪ್ರಾರ್ಥಿಸುವಾಗ ಬಳಸುವುದೂ ಅದನ್ನೇ. ಮಾಲ್ಟಾದ ಕಥೋಲಿಕರು ಬಲಿಪೂಜೆಯಲ್ಲಿ 'ಅಲ್ಲಾ' ಎನ್ನುತ್ತಾರೆ. ಮುಸ್ಲಿಮರು ಏಕೈಕ ದೇವರನ್ನು, ಕರುಣಾಮಯನಾದ ಸೃಷ್ಟಿಕರ್ತನನ್ನು ಆರಾಧಿಸುತ್ತಾರೆ, ಮರಿಯಮ್ಮನವರನ್ನು ಗೌರವಿಸುತ್ತಾರೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರ 'ನೋಸ್ತ್ರಾ ಏತಾತೆ' ಪ್ರಕಟಣೆಯಲ್ಲಿ ತಿಳಿಸಿತು. ಕುರ್‌ಆನಿನ 19ನೇ ಅಧ್ಯಾಯಕ್ಕೆ 'ಮರ್ಯಮ್' ಎಂದೇ ಹೆಸರು. ಆ ಗ್ರಂಥದಲ್ಲಿ ಹೆಸರು ಹಿಡಿದು ಹೇಳಿರುವ ಸ್ತ್ರೀ ಅವರೊಬ್ಬರೇ.

ಹಾಗೆಂದು ಭೇದವನ್ನು ಮುಚ್ಚಿಡಬೇಡಿ. ಯೇಸು ಅವರಿಗೆ 'ಈಸಾ', ಕನ್ಯೆಯಲ್ಲಿ ಜನಿಸಿದ ಪ್ರವಾದಿ, ಆದರೆ ದೇವಪುತ್ರರಲ್ಲ. ಶಿಲುಬೆಯ ಮರಣವನ್ನೂ ತ್ರೈಏಕ ದೇವರನ್ನೂ ಅವರು ಒಪ್ಪುವುದಿಲ್ಲ. 'ಎಲ್ಲ ಒಂದೇ' ಎಂದುಬಿಟ್ಟರೆ ಅವರ ಬಗ್ಗೆಯೂ ಸುಳ್ಳು, ನಮ್ಮ ಬಗ್ಗೆಯೂ ಸುಳ್ಳು.

ಮಲಯಾಳ ಬಲಿಪೂಜೆಗೆ ಹೋಗುವ ಮಕ್ಕಳಿದ್ದರೆ ಪಾಠ ಇನ್ನೂ ಸುಲಭ. ಮಲಯಾಳದಲ್ಲಿ ಚರ್ಚೂ 'ಪಳ್ಳಿ', ಮಸೀದಿಯೂ 'ಪಳ್ಳಿ'. ನಮ್ಮ ತಪಸ್ಸುಕಾಲದ ಉಪವಾಸಕ್ಕೂ ರಮ್ಜಾನಿನ ಉಪವಾಸಕ್ಕೂ 'ನೋಂಬು' ಎಂಬ ಒಂದೇ ಮಾತು. ಚರ್ಚಿನ ಹಬ್ಬವೂ ಈದ್ ಹಬ್ಬವೂ 'ಪೆರುನ್ನಾಳ್'. (ಕನ್ನಡದಲ್ಲಿ ಮಾತ್ರ ನಾವು ಬೇರೆ ಬೇರೆ ಪದ ಇಟ್ಟುಕೊಂಡಿದ್ದೇವೆ.)

ಮುಂದಿನ ಭಾನುವಾರಕ್ಕೆ ಮನೆಕೆಲಸ: ತಮ್ಮ ಪ್ರಾರ್ಥನೆ, ಉಪವಾಸ, ಹಬ್ಬಗಳನ್ನು ಯಾವ ಹೆಸರಿನಿಂದ ಕರೆಯುತ್ತಾರೆಂದು ಮಕ್ಕಳು ಒಬ್ಬ ಮುಸ್ಲಿಂ ಗೆಳೆಯನನ್ನೋ ಗೆಳತಿಯನ್ನೋ ಕೇಳಿ ಬರೆದು ತರಲಿ. ಅವರು ತಿರುಗಿ ನಮ್ಮ ಬಗ್ಗೆ ಏನು ಕೇಳಿದರು ಎಂಬುದನ್ನೂ ಬರೆಯಲಿ.